ಅಪ್ಪಂದಿರು ಊರಲ್ಲೇ ಉಳಿದ ವರ್ಷ

ಕಳೆದ ತಿಂಗಳು ನನ್ನ ವಿಚಾಟ್‌ಗೆ, ಅಂದರೆ ಚೀನಾದವರ ವಾಟ್ಸ್ಆ್ಯಪ್‌ಗೆ, ಒಂದು ಧ್ವನಿ ಸಂದೇಶ ಬಂತು. ಕಳಿಸಿದ್ದು ಚೀನಾದ ಗುಯಿಝೌ ಪ್ರಾಂತ್ಯದ ಒಂದು ಬೆಟ್ಟದೂರಿನ ಹುಡುಗಿ, ನನ್ನ ಗೆಳೆಯನ ಮಗಳು. ಈಗ ಕೌಂಟಿ (ನಮ್ಮ ತಾಲೂಕಿನ ಹಾಗೆ) ಪೇಟೆಯಲ್ಲಿ ಹಾಸ್ಟೆಲಿನಲ್ಲಿದ್ದು ಮಿಡ್ಲ್ ಸ್ಕೂಲ್ ಓದುತ್ತಿದ್ದಾಳೆ. ಪರೀಕ್ಷೆ, ಹಾಸ್ಟೆಲ್ ಊಟ, ಜೊತೆಯ ಹುಡುಗಿಯರ ಜಗಳ ಎಲ್ಲ ಹೇಳಿ ಮುಗಿಸಿ ಕೊನೆಗೆ ಕೇಳಿದಳು: "ಶುಶು, ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಊರಿಗೆ ಬೇಲಿ ಹಾಕಿದ್ರಲ್ಲ, ಅಂಥ ವರ್ಷ ಇನ್ನೊಂದು ಬರಲ್ವಾ?" ಶುಶು ಅಂದರೆ ಚಿಕ್ಕಪ್ಪ. ಅವಳು ಕೇಳಿದ್ದು ಕೋವಿಡ್ ಬಂದ 2020ರ ಬಗ್ಗೆ. ನಾವ್ಯಾರೂ ಮತ್ತೆ ಬರಲಿ ಅಂತ ಬಯಸದ ವರ್ಷ ಅದು. ನಮ್ಮ ಮನೆಯಲ್ಲೂ ಆಮೇಲಿನ ಅಲೆಯಲ್ಲಿ ಸಾವಾಯಿತು. ಅವಳ ಲೆಕ್ಕದಲ್ಲಿ ಮಾತ್ರ ಅದು ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿದ್ದ ವರ್ಷ. ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಯಾಕೆಂದರೆ ಅವಳು ಹೇಳುವ ಆ ದಿನಗಳಲ್ಲಿ ನಾನೂ ಬೇಲಿಯೊಳಗೇ ಇದ್ದೆ.

ನಾನು ಕೆಲಸ ಮಾಡುವುದು ಗುವಾಂಗ್‌ಡಾಂಗ್ ಪ್ರಾಂತ್ಯದ ಝೋಂಗ್‌ಶಾನ್ ನಗರಕ್ಕೆ ಸೇರಿದ ಗುಝೆನ್‌ನಲ್ಲಿ. ದೀಪಗಳ ಊರು ಅದು. ಬೀದಿ ಬೀದಿಯಲ್ಲಿ ಲೈಟಿನ ಅಂಗಡಿ, ಅದರ ಹಿಂದೆ ಲೈಟಿನ ಕಾರ್ಖಾನೆ. ಭಾರತದ ವ್ಯಾಪಾರಿಗಳಿಗಾಗಿ ಮಾಲು ನೋಡಿ, ಪರೀಕ್ಷೆ ಮಾಡಿ, ಪಾಸ್ ಮಾಡುವುದು ನನ್ನ ಕೆಲಸ. ಅಲ್ಲೊಂದು ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದವನು ನನ್ನ ಗೆಳೆಯ. ಡಾಂಗ್ ಜನಾಂಗದವನು. ಅವರ ಸಂಖ್ಯೆ ಸುಮಾರು 35 ಲಕ್ಷ. ಭಾಷೆ ಬೇರೆ, ಹಾಡು ಬೇರೆ, ಮನೆ ಕಟ್ಟುವ ರೀತಿಯೂ ಬೇರೆ. ಹೆಂಡತಿಯೂ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಮಗಳು ಮಾತ್ರ ಊರಲ್ಲಿ, ಅಜ್ಜಿಯ ಹತ್ತಿರ.

ಮೊದಲೆಲ್ಲ ಅವನು ಚೀನೀ ಹೊಸ ವರ್ಷದ ಹಬ್ಬಕ್ಕೆ ಊರಿಗೆ ಹೋಗುತ್ತಿದ್ದುದು ಬೈಕಿನಲ್ಲಿ. ಗುವಾಂಗ್‌ಡಾಂಗ್‌ನಿಂದ ಗುವಾಂಗ್‌ಶಿ ದಾಟಿ ಗುಯಿಝೌಗೆ ಹೋಗುವ 321ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಆ ದಿನಗಳಲ್ಲಿ ಬೈಕುಗಳ ದಂಡೇ ಹೋಗುತ್ತಿತ್ತು. ಹಿಂದೆ ಹೆಂಡತಿ, ಮೈಗೆಲ್ಲ ಪ್ಲಾಸ್ಟಿಕ್ ಹೊದಿಕೆ, ಮೊಣಕಾಲಿಗೆ ಕಟ್ಟಿದ ರಟ್ಟು, ಮುಖಕ್ಕೆ ರಾಚುವ ಚಳಿಮಳೆ. 2014ರ ಕೊನೆಗೆ ಗುಯಿಯಾಂಗ್–ಗುವಾಂಗ್‌ಝೌ ಹೈಸ್ಪೀಡ್ ರೈಲು ಬಂದ ಮೇಲೆ ಅವನ ತ್ಸೋಂಗ್‌ಜಿಯಾಂಗ್ ಕೌಂಟಿ ನಾಲ್ಕು ಗಂಟೆಯೊಳಗಿನ ದಾರಿಯಾಯಿತು. ದಾರಿ ಹತ್ತಿರವಾಯಿತು, ಆದರೆ ರಜೆ ಜಾಸ್ತಿಯಾಗಲಿಲ್ಲ. ವರ್ಷಕ್ಕೆ ಅದೇ ಹತ್ತು ಹನ್ನೆರಡು ದಿನ.

ಬೀಗ ಹಾಕಿದ ಹೊಸ ಮನೆಗಳು

ನಾನು ಆ ಊರಿಗೆ ಮೊದಲು ಹೋಗಿದ್ದು ಒಂದು ಬೇಸಿಗೆಯಲ್ಲಿ. ಆಗ ಕಣ್ಣಿಗೆ ಬಿದ್ದದ್ದು ಈ ಮನೆಗಳು. ಹಳೆಯವು ಶಾನ್ ಅನ್ನುವ ಸೂಜಿಎಲೆಯ ಮರದ, ಹೆಂಚಿನ ಮನೆಗಳು. ಅವುಗಳ ನಡುವೆ ಮೂರಂತಸ್ತಿನ ಹೊಸ ಮನೆಗಳು. ಕೆಳಗೆ ಇಟ್ಟಿಗೆ ಸಿಮೆಂಟು, ಮೇಲಕ್ಕೆ ಮರ. ಬಾಗಿಲಿಗೆ ಅಂಟಿಸಿದ ಕೆಂಪು ಕಾಗದ ಬಿಸಿಲಿಗೆ ಬೆಳ್ಳಗಾಗಿದೆ, ಬಾಗಿಲಿಗೆ ಬೀಗ. ಕೆಲವಕ್ಕೆ ಮೇಲಿನ ಅಂತಸ್ತಿನಲ್ಲಿ ಕಿಟಕಿಯೇ ಕೂತಿಲ್ಲ, ದುಡ್ಡು ಬಂದಷ್ಟು ಕಟ್ಟಿದ್ದು. ಓಣಿಯಲ್ಲಿ ಸಿಗುವವರು ಮುದುಕರು, ಮಕ್ಕಳು, ಕೋಳಿ, ಬಾತುಕೋಳಿ. ಇಷ್ಟು ದುಡ್ಡು ಹಾಕಿ ಯಾರೂ ಇಲ್ಲದ ಊರಲ್ಲಿ ಯಾಕೆ ಕಟ್ಟುತ್ತಾರೆ ಅಂತ ಹೊರಗಿನವರಿಗೆ ಅನಿಸುತ್ತದೆ. ಗುವಾಂಗ್‌ಡಾಂಗ್‌ನ ಆಫೀಸುಗಳಲ್ಲಿ ಅದನ್ನು ಹಳ್ಳಿಯವರ ದಡ್ಡತನ ಅಂತ ಹೇಳುವುದನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ.

ನನಗೆ ಅದು ದಡ್ಡತನ ಅಂತ ಒಂದು ದಿನವೂ ಅನಿಸಿಲ್ಲ. ಊರಿನ ಮನೆ ನಿವೇಶನ ಅವರಿಗೆ ಹುಟ್ಟಿನಿಂದ ಸಿಗುವ ಹಕ್ಕು. ಭೂಮಿ ಊರಿನ ಸಮುದಾಯದ್ದು, ಹೊರಗಿನವರಿಗೆ ಮಾರುವ ಹಾಗಿಲ್ಲ, ಬ್ಯಾಂಕಿನವರೂ ಎತ್ತಿಕೊಂಡು ಹೋಗಲಾರರು. ನಗರದಲ್ಲಿ ಇಪ್ಪತ್ತು ವರ್ಷ ದುಡಿದರೂ ಹೆಚ್ಚಿನವರ ಹುಕೌ ಊರಿನದೇ. ಹುಕೌ ಅಂದರೆ ಯಾರು ಎಲ್ಲಿಯವರು ಅಂತ ಬರೆದಿಡುವ ಮನೆಪುಸ್ತಕ, 1958ರ ಕಾನೂನಿನಿಂದ ಬಂದದ್ದು. ಮಕ್ಕಳ ಸರ್ಕಾರಿ ಶಾಲೆ, ಕಾಲೇಜಿನ ಪ್ರವೇಶ ಪರೀಕ್ಷೆ, ಆಸ್ಪತ್ರೆ ಖರ್ಚು, ಮುಪ್ಪಿನ ಪಿಂಚಣಿ ಎಲ್ಲಕ್ಕೂ ಅದರ ಗಂಟು ಇದೆ. 2019ರಲ್ಲಿ ಹೀಗೆ ಊರಿನ ಹುಕೌ ಇಟ್ಟುಕೊಂಡು ಊರು ಬಿಟ್ಟು ಹೊರಗೆ ದುಡಿಯುವ ಕೂಲಿಗಳು ಸುಮಾರು 17 ಕೋಟಿ. ವಯಸ್ಸಾಗಿ ಲೈನಿನಲ್ಲಿ ಕಣ್ಣು ಮಂಜಾದ ದಿನ ಕಾರ್ಖಾನೆ ಹೋಗು ಅನ್ನುತ್ತದೆ. ಆ ದಿನ ಬರುವುದಕ್ಕೆ ಒಂದು ಬಾಗಿಲು ಬೇಕು, ಅದಕ್ಕೇ ಕಟ್ಟುತ್ತಾರೆ. ಗೆಳೆಯ ತನ್ನ ಮನೆಯ ಒಂದೊಂದು ಕಂಬವನ್ನೂ ಮುಟ್ಟಿ ತೋರಿಸಿದ್ದ. ಆ ಕಡೆ ಕೆಲವು ಊರುಗಳಲ್ಲಿ ಮಗು ಹುಟ್ಟಿದಾಗ ಶಾನ್ ಸಸಿ ನೆಡುವ ರೂಢಿ. ಮಗುವಿಗೆ ಹದಿನೆಂಟಾಗುವ ಹೊತ್ತಿಗೆ ಮರ ಮದುವೆ ಖರ್ಚಿಗೆ, ಮನೆಗೆ ಆಗುತ್ತದೆ. ಅವನು ಹುಟ್ಟಿದಾಗ ಅವನಪ್ಪ ನೆಟ್ಟ ಮರಗಳೇ ಈಗ ಕಂಬಗಳು.

ಬೇಲಿ

2020ರ ಜನವರಿಯಲ್ಲಿ ಹಬ್ಬಕ್ಕೆ ಬಾ ಅಂತ ಕರೆದ, ಹೋದೆ. ರಾತ್ರಿ ಊಟಕ್ಕೆ ಹುಳಿಮೀನು, ಅಂಟಕ್ಕಿ ಅನ್ನ. ಬಿದಿರು ಬುಟ್ಟಿಯಿಂದ ಅನ್ನವನ್ನು ಕೈಯಲ್ಲೇ ತೆಗೆದು ಉಂಡೆ ಮಾಡಿ ತಿನ್ನುತ್ತಾರೆ. ಝೋಂಗ್‌ಶಾನ್‌ನಲ್ಲಿ ವರ್ಷಗಟ್ಟಲೆ ಕಡ್ಡಿ ಹಿಡಿದವನಿಗೆ ಅದೆಷ್ಟು ಹಾಯೆನಿಸಿತು ಅಂದರೆ, ಅಜ್ಜಿ ನನ್ನ ಕೈಯನ್ನೇ ನೋಡಿ ಮೊಮ್ಮಗಳಿಗೆ ಏನೋ ಹೇಳಿದರು. "ಇವರೂ ನಮ್ಮ ಥರಾನೇ ತಿಂತಾರೆ ಅಂತಾರೆ ನೈನೈ" ಅಂತ ಅವಳು ನನಗೆ ಚೀನೀ ಭಾಷೆಯಲ್ಲಿ ಹೇಳಿದಳು. ನೈನೈ ಅಂದರೆ ಅಜ್ಜಿ. ಅಜ್ಜಿಗೆ ಡಾಂಗ್ ಭಾಷೆ ಬಿಟ್ಟರೆ ಬೇರೆ ಹೆಚ್ಚು ಬರುವುದಿಲ್ಲ. ಏಳು ವರ್ಷದ ಆ ಹುಡುಗಿ ಮುಂದಿನ ದಿನಗಳಲ್ಲೆಲ್ಲ ನಮ್ಮಿಬ್ಬರ ನಡುವಿನ ದುಭಾಷಿ.

ಹಬ್ಬ ಮುಗಿಯುವ ಮೊದಲೇ ಊರಿನ ಧ್ವನಿವರ್ಧಕ ಶುರುವಾಯಿತು. ಗುಂಪು ಸೇರಬೇಡಿ, ನೆಂಟರ ಮನೆಗೆ ಹೋಗಬೇಡಿ, ಹೊರಗಿನಿಂದ ಬಂದವರು ಹೆಸರು ಬರೆಸಿ. ಮೊದಲು ಡಾಂಗ್‌ನಲ್ಲಿ, ಆಮೇಲೆ ಚೀನೀಯಲ್ಲಿ. ಎರಡು ದಿನದಲ್ಲಿ ಊರ ಬಾಗಿಲಿಗೆ ಅಡ್ಡಲಾಗಿ ಬಿದಿರು ಕಟ್ಟಿದರು. ಕೆಂಪು ಪಟ್ಟಿ ಕಟ್ಟಿಕೊಂಡ ಇಬ್ಬರು ಸದಾ ಅಲ್ಲಿ, ಒಂದು ಬೆಂಕಿ ಕುಂಡ, ಒಂದು ರಿಜಿಸ್ಟರ್. ಬಡತನ ನಿವಾರಣೆ ಕೆಲಸಕ್ಕೆ ಅಂತ ಊರಲ್ಲಿ ಉಳಿದಿದ್ದ ಅಧಿಕಾರಿಯೂ ಸರದಿಯಲ್ಲಿ ನಿಲ್ಲುತ್ತಿದ್ದ. ಹೊಸ ವರ್ಷಕ್ಕೆ ಡ್ರಮ್ ಟವರ್, ಅಂದರೆ ಊರವರೆಲ್ಲ ಸೇರುವ ಮರದ ಗೋಪುರದ ಕೆಳಗೆ ಮಕ್ಕಳು, ಹೆಂಗಸರು ಸೇರಿ ಹಾಡುವ ದೊಡ್ಡ ಹಾಡು ಆ ಸಲ ನಡೆಯಲಿಲ್ಲ. ಅನ್ನ ಮೈ ಸಾಕುತ್ತೆ, ಹಾಡು ಮನಸ್ಸು ಸಾಕುತ್ತೆ ಅನ್ನುವ ಜನ ಅವರು. ಹಾಡಿಲ್ಲದ ಹಬ್ಬ ಅಜ್ಜಿಗೆ ಬಹಳ ಬೇಜಾರು ತಂದಿತ್ತು.

ನನ್ನ ಹೆಸರನ್ನು ಪೊಲೀಸ್ ಠಾಣೆಯವರು ಬಂದ ಮರುದಿನವೇ ಬರೆದುಕೊಂಡಿದ್ದರು. ಬೇಲಿ ಬಿದ್ದ ಮೇಲೆ ಮತ್ತೆ ಫೋನ್ ಮಾಡಿ, ಇದ್ದಲ್ಲೇ ಇರಿ, ದಿನಾ ಜ್ವರ ನೋಡಿಕೊಂಡು ಹೇಳಿ ಅಂದರು. ಅಷ್ಟೇ. ಊರವರಿಗೆ ಹೆದರಿಕೆ ಇದ್ದದ್ದು ವುಹಾನ್ ಕಡೆಯಿಂದ ಬಂದವರ ಬಗ್ಗೆ.

ಇಲ್ಲಿಂದ ಮುಂದೆ ಆದದ್ದು ಆ ಊರು ಬಹಳ ವರ್ಷಗಳಿಂದ ಕಾಣದ ವಿಷಯ. ಹತ್ತು ದಿನ ಆಯಿತು. ಹನ್ನೆರಡು ದಿನ ಆಯಿತು. ಯಾರೂ ಹೋಗಲಿಲ್ಲ. ಗುವಾಂಗ್‌ಡಾಂಗ್‌ನ ಕಾರ್ಖಾನೆಗಳು ಫೆಬ್ರವರಿ 9ರವರೆಗೆ ತೆರೆಯಬಾರದು ಅಂತ ಆದೇಶ. ಆಮೇಲೆ ತೆರೆದರೂ ಆರ್ಡರ್ ಇಲ್ಲ, ಹೋಗಲು ಬಸ್ಸಿಲ್ಲ. ನೆಂಟರ ಹಾಗೆ ಬಂದಿದ್ದ ಗಂಡಸರು ನೆಂಟರಾಗಿ ಉಳಿಯುವುದು ಇನ್ನು ಸಾಧ್ಯವಿರಲಿಲ್ಲ. ಮೊದಲ ವಾರ ಇಸ್ಪೀಟು, ಅಂಟಕ್ಕಿ ಹೆಂಡ, ಫೋನು. ಆಮೇಲೆ ಜಗಳ. ನನ್ನ ಗೆಳೆಯನ ಮನೆಯಲ್ಲೂ ಆಯಿತು. ಅಜ್ಜಿ ಒಬ್ಬರೇ ನಡೆಸಿಕೊಂಡು ಬಂದ ಮನೆಯಲ್ಲಿ ಸೊಸೆ ಪಾತ್ರೆಗಳ ಜಾಗ ಬದಲಾಯಿಸಿದಳು ಅನ್ನುವುದರಿಂದ ಶುರುವಾಗಿ, ಅಪ್ಪ ಸತ್ತಾಗ ಮಗ ಎಷ್ಟು ದಿನ ಊರಲ್ಲಿದ್ದ ಅನ್ನುವವರೆಗೆ ಹೋಯಿತು. ಬಿಡಿಸಲು ಹೋಗುವ ಸಲಿಗೆ ನನಗಿರಲಿಲ್ಲ, ಹೊರಗೆ ಬಂದು ನಿಂತೆ. ಪಕ್ಕದ ಮನೆಯಲ್ಲೂ ಅದೇ ಥರದ ದನಿ ಕೇಳಿಸುತ್ತಿತ್ತು. ಅದೂ ಆಗಬೇಕಿತ್ತು ಅಂತ ಈಗ ಅನಿಸುತ್ತದೆ. ಹತ್ತು ದಿನಕ್ಕೆ ಬರುವ ಮಗನ ಹತ್ತಿರ ಯಾವ ತಾಯಿ ಜಗಳ ಆಡುತ್ತಾಳೆ?

ಜಗಳ ಮುಗಿದ ಮೇಲೆ ಕೆಲಸ ಶುರುವಾಯಿತು. ಆ ಕಡೆ ಮೆಟ್ಟಿಲು ಗದ್ದೆಗಳಲ್ಲಿ ಚಳಿಗಾಲವೆಲ್ಲ ನೀರು ನಿಲ್ಲಿಸಿರುತ್ತಾರೆ. ಬತ್ತದ ಜೊತೆ ಅದೇ ನೀರಿನಲ್ಲಿ ಮೀನು, ಮೀನಿನ ಜೊತೆ ಬಾತುಕೋಳಿ. ಮೀನು ಬಾತು ಹುಳ ತಿನ್ನುತ್ತವೆ, ಕಳೆ ಕೆದಕುತ್ತವೆ, ಗೊಬ್ಬರವೂ ಆಗುತ್ತದೆ. ತ್ಸೋಂಗ್‌ಜಿಯಾಂಗ್‌ನ ಈ ಪದ್ಧತಿಯನ್ನು 2011ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಗತ್ತಿನ ಮುಖ್ಯ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೇನೋ ಸೇರಿತು, ಗದ್ದೆಯ ಬದು ಕಟ್ಟುವವರು ಬೇಕಲ್ಲ. ಬದು ಒಡೆದು ನೀರು ಹೋದರೆ ಎಪ್ಪತ್ತು ದಾಟಿದ ಅಜ್ಜಿ ಏನು ಮಾಡಬೇಕು? ಮೇಲಿನ ಎಷ್ಟೋ ಗದ್ದೆಗಳು ಹಾಗೇ ಪೊದೆಯಾಗಿದ್ದವು. ಫೆಬ್ರವರಿಯಲ್ಲಿ ಗಂಡಸರು ಗುದ್ದಲಿ ಹಿಡಿದು ಮೇಲೆ ಹತ್ತಿದರು. ನಾನೂ ದಿನಾ ಹೋದೆ. ದೇವದುರ್ಗದ ಕಡೆ ಬಯಲುಸೀಮೆಯಲ್ಲಿ ಬೆಳೆದವನಿಗೆ ಕೆಸರಿನಲ್ಲಿ ಮೊಣಕಾಲವರೆಗೆ ನಿಂತು ಮಣ್ಣು ಮೆತ್ತುವ ಕೆಲಸ ಹೊಸದು. ಕೈ ಕಲಿತುಕೊಂಡಿತು. ಆ ವರ್ಷ ಬಹಳ ದಿನದಿಂದ ಬೀಳುಬಿದ್ದ ಒಂದಷ್ಟು ಗದ್ದೆಗೆ ನೀರು ನಿಂತಿತು.

ರಾತ್ರಿ ಜಾಗಟೆ ಹೊಡೆಯುವ ಮುದುಕ

ಡಾಂಗ್ ಊರುಗಳಿಗೆ ಬೆಂಕಿಯ ಭಯ ಬಹಳ. ಎಲ್ಲ ಮರದ ಮನೆ, ಒಂದಕ್ಕೊಂದು ಅಂಟಿಕೊಂಡ ಮಾಡು, ಒಳಗೆ ನೆಲದಲ್ಲೇ ಒಲೆಗುಂಡಿ. ಅದಕ್ಕೇ ಬತ್ತದ ಕಣಜಗಳನ್ನು ಮನೆಯ ಹತ್ತಿರ ಇಡದೆ, ಊರ ಅಂಚಿನಲ್ಲಿ ಕೆರೆ ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟುತ್ತಾರೆ. ಊರು ಸುಟ್ಟರೂ ಅನ್ನ ಉಳಿಯಲಿ ಅಂತ. 2014ರ ಜನವರಿಯಲ್ಲಿ ಝೆನ್‌ಯುಆನ್ ಕೌಂಟಿಯ ಬಾವೊಜಿಂಗ್ ಊರಲ್ಲಿ ಒಂದೇ ರಾತ್ರಿ ನೂರಕ್ಕೂ ಹೆಚ್ಚು ಮನೆ ಸುಟ್ಟುಹೋದವು. ಅದರ ಮಾತು ಈಗಲೂ ಬರುತ್ತದೆ. ಸಂಜೆಯಾದ ಮೇಲೆ ಒಬ್ಬ ಮುದುಕ ಕಂಚಿನ ಜಾಗಟೆ ಹೊಡೆಯುತ್ತಾ ಓಣಿ ಓಣಿ ಸುತ್ತಿ, ಒಲೆ ನೋಡಿಕೊಳ್ಳಿ, ಕೆಂಡ ಮುಚ್ಚಿ ಅಂತ ಕೂಗಿ ಹೋಗುತ್ತಾನೆ. ಇದು ತಲೆತಲಾಂತರದ ರೂಢಿ. ಅವನನ್ನು ನಾನೊಂದು ಸಲ ಕೇಳಿದೆ, ಊರು ತುಂಬಿದೆಯಲ್ಲ, ಕೆಲಸ ಜಾಸ್ತಿಯಾಯಿತಾ ಅಂತ. ಅವನು ಹೇಳಿದ್ದು ಇಷ್ಟು. ಬೇರೆ ದಿನ ಬೀಗದ ಮನೆ ಮುಂದೆ ಜಾಗಟೆ ಹೊಡೆಯದೆ ದಾಟಿಬಿಡುತ್ತೇನೆ, ಈಗ ಎಲ್ಲ ಬಾಗಿಲಲ್ಲೂ ನಿಲ್ಲಬೇಕು, ಎಲ್ಲ ಕಡೆಯೂ ಒಳಗಿನಿಂದ 'ಆಯ್ತು' ಅನ್ನುತ್ತಾರೆ.

ಹಲ್ಲು

ಈಗ ಹುಡುಗಿಯ ವಿಷಯ. ನಾವು ಹೋದ ದಿನ ಅವಳು ಅಪ್ಪನ ಹತ್ತಿರ ಬರಲೇ ಇಲ್ಲ. ಅಮ್ಮ ಎತ್ತಿಕೊಂಡಳು, ಎತ್ತಿಸಿಕೊಂಡಳು. ಅಪ್ಪನಿಗೆ ಏನಾದರೂ ಹೇಳಬೇಕಾದರೆ ಅಜ್ಜಿಗೆ ಹೇಳುವಳು, ಅವನು ಎದುರಲ್ಲೇ ಕೂತಿದ್ದರೂ. ಹಬ್ಬದ ಮುಂಚಿನ ದಿನ ಅವಳ ಕೆಳಸಾಲಿನ ಹಲ್ಲೊಂದು ಅಲ್ಲಾಡುತ್ತಿತ್ತು. ನಾಲಿಗೆಯಲ್ಲಿ ಅದನ್ನೇ ತಳ್ಳುತ್ತಾ ಒಲೆ ಹತ್ತಿರ ಕೂತಿದ್ದಳು. ಅಪ್ಪ "ಬಾ, ನೋಡ್ತೀನಿ" ಅಂದ. ಅವಳು ಬಾಯಿ ಮುಚ್ಚಿಕೊಂಡು ಅಜ್ಜಿಯ ಬೆನ್ನ ಹಿಂದೆ ಹೋದಳು. ಅವನು ಸುಮ್ನೆ ಎದ್ದು ಕಟ್ಟಿಗೆ ತರಲು ಹೋದ. ಹಲ್ಲು ಕಿತ್ತದ್ದು ಅಜ್ಜಿ.

ಆಮೇಲೆ ಶಾಲೆ ತೆರೆಯಲಿಲ್ಲ. ಗುಯಿಝೌ ಸರ್ಕಾರ ಟಿವಿಯಲ್ಲಿ ಪಾಠ ಶುರುಮಾಡಿತು. ಅಜ್ಜಿಗೆ ಓದು ಬರಹ ಬಾರದು. ಹಿಂದೆ ಹೋಮ್‌ವರ್ಕ್‌ನಲ್ಲಿ ಗೊತ್ತಾಗದ್ದನ್ನು ಅವಳು ಹಾಗೇ ಖಾಲಿ ಬಿಡುತ್ತಿದ್ದಳಂತೆ. ಈಗ ಅಪ್ಪ ಪಕ್ಕದಲ್ಲಿ ಕೂತ. ಅವನಿಗೂ ಎಷ್ಟೋ ಅಕ್ಷರಗಳ ಗೆರೆ ಯಾವುದು ಮೊದಲು ಅಂತ ಮರೆತುಹೋಗಿತ್ತು, ಇಬ್ಬರೂ ಒಟ್ಟಿಗೆ ನೋಡಿಕೊಂಡು ಬರೆಯುತ್ತಿದ್ದರು. ಮಧ್ಯಾಹ್ನ ಗದ್ದೆಗೆ ಬರುವಾಗ ಅವಳೂ ಬರುತ್ತಿದ್ದಳು, ಮೀನು ಹಿಡಿಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಯಾವ ದಿನ ಅವಳು ಅಜ್ಜಿಯ ಮೂಲಕ ಮಾತಾಡುವುದನ್ನು ಬಿಟ್ಟಳೋ ನಾನು ಗಮನಿಸಲಿಲ್ಲ. ಫೆಬ್ರವರಿ ಕೊನೆಗೆ ಪಕ್ಕದ ಹಲ್ಲು ಅಲ್ಲಾಡಿತು. ಅವಳೇ ಹೋಗಿ ಅಪ್ಪನ ಮುಂದೆ ಬಾಯಿ ತೆರೆದು ನಿಂತಳು. ಅವನು ಎದ್ದು ಕೈ ತೊಳೆದು ಬಂದ, ಮತ್ತೆ ತೊಳೆದು ಬಂದ. ಬಾಗಿಲ ಬೆಳಕಿಗೆ ಕೂರಿಸಿಕೊಂಡು ದಾರ ಕಟ್ಟಿ ಎಳೆದ. ಆಮೇಲೆ ಹೆಗಲ ಮೇಲೆ ಕೂರಿಸಿಕೊಂಡು ಅಂಗಳಕ್ಕೆ ಬಂದ, ಅವಳು ಹಲ್ಲನ್ನು ಹೆಂಚಿನ ಮೇಲೆ ಎಸೆದಳು. ಅದು ಉರುಳಿ ಕೆಳಗೆ ಬಂತು. ಹುಡುಕಿ ಮತ್ತೆ ಎಸೆದರು. ನಮ್ಮ ಕಡೆಯೂ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆ ಮೇಲೆ ಎಸೆಯುತ್ತೇವಲ್ಲ, ಅದನ್ನು ಹೇಳಿದಾಗ ಹುಡುಗಿಗೆ ಸಗಣಿ ಯಾಕೆ ಅಂತ ತಿಳಿಯಬೇಕಿತ್ತು.

ಒಬ್ಬ ಅಪ್ಪನಿಗೆ ಮಗಳ ಬಾಯಿಗೆ ಕೈ ಹಾಕುವ ಸಲಿಗೆ ಸಿಗಲು ಒಂದು ತಿಂಗಳಿಗೂ ಹೆಚ್ಚು ಬೇಕಾಯಿತು. ವರ್ಷದ ರಜೆ ಹತ್ತು ಹನ್ನೆರಡು ದಿನ. ನನ್ನನ್ನು ಕೊರೆಯುತ್ತಿರುವುದು ಇದೇ.

ಬಿಟ್ಟು ಹೋಗುವುದು, ಕರೆದೊಯ್ಯುವುದು

ಗುಳೆ ಹೋಗುವುದು ನಮ್ಮ ರಾಯಚೂರು, ಯಾದಗಿರಿ ಕಡೆಯವರಿಗೆ ಹೊಸದಲ್ಲ. ನಮ್ಮಲ್ಲಿ ಎಷ್ಟೋ ಜನ ಮಕ್ಕಳನ್ನೂ ಕರೆದುಕೊಂಡೇ ಬೆಂಗಳೂರಿನ ಕಟ್ಟಡಗಳಿಗೆ ಹೋಗುತ್ತಾರೆ. ಮಗು ಕಣ್ಣೆದುರು ಇರುತ್ತದೆ, ಶಾಲೆ ತಪ್ಪುತ್ತದೆ. ಅಲ್ಲಿ ಶಾಲೆ ತಪ್ಪಬಾರದು ಅಂತಲೇ ಬಿಟ್ಟು ಹೋಗುತ್ತಾರೆ. ಮಗುವಿಗೆ ಶಾಲೆ ಸಿಗುತ್ತದೆ, ಅಪ್ಪ ಅಮ್ಮ ತಪ್ಪುತ್ತಾರೆ. ಎರಡರಲ್ಲಿ ಒಂದನ್ನು ಆರಿಸಿಕೋ ಅಂತ ದುಡಿಯುವವರಿಗೆ ಮಾತ್ರ ಯಾಕೆ ಹೇಳಬೇಕು? ಗುಝೆನ್‌ನ ಸರ್ಕಾರಿ ಶಾಲೆಗೆ ಹೊರಗಿನವರ ಮಗು ಸೇರಬೇಕಾದರೆ ಅಪ್ಪ ಅಮ್ಮಂದಿರು ಪಾಯಿಂಟ್ ಕೂಡಿಸಬೇಕು. ಎಷ್ಟು ವರ್ಷ ವಿಮೆ ಕಟ್ಟಿದ್ದಾರೆ, ವಾಸದ ಕಾರ್ಡು ಎಷ್ಟು ಹಳೆಯದು, ಓದು ಎಷ್ಟು, ಕೆಲಸದ ಸರ್ಟಿಫಿಕೇಟ್ ಇದೆಯಾ. ಕಡಿಮೆ ಬಿದ್ದರೆ ಸೀಟಿಲ್ಲ, ದುಡ್ಡು ಕೊಟ್ಟು ಖಾಸಗಿ ಶಾಲೆಗೆ ಹಾಕಬೇಕು. ಅಲ್ಲೇ ಓದಿಸಿದರೂ ಕಾಲೇಜು ಪ್ರವೇಶ ಪರೀಕ್ಷೆಗೆ ಊರಿಗೆ ವಾಪಸ್ ಕಳಿಸುವ ಪರಿಸ್ಥಿತಿ ಬಹಳ ಜನರದ್ದು. ಬೆಟ್ಟದೂರಿನ ಮಕ್ಕಳು ಅಪ್ಪ ಅಮ್ಮ ಇಲ್ಲದೆ ಬೆಳೆಯುತ್ತಿರುವುದಕ್ಕೆ ಬೆಟ್ಟ ಕಾರಣ ಅಲ್ಲ. ಬರೆದ ನಿಯಮ ಕಾರಣ.

ಇದು ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. 2015ರ ಜೂನ್‌ನಲ್ಲಿ ಇದೇ ಗುಯಿಝೌದ ಬಿಜಿಯೆಯಲ್ಲಿ ದೊಡ್ಡವರಿಲ್ಲದ ಮನೆಯಲ್ಲಿದ್ದ ನಾಲ್ವರು ಒಡಹುಟ್ಟಿದ ಮಕ್ಕಳು ಸತ್ತಾಗ ಇಡೀ ದೇಶ ಅತ್ತಿತ್ತು. 2016ರ ಫೆಬ್ರವರಿಯಲ್ಲಿ ಇಂಥ ಮಕ್ಕಳ ಬಗ್ಗೆ ಕೇಂದ್ರದಿಂದಲೇ ಆದೇಶ ಬಂತು, ಎಣಿಕೆ ನಡೆಯಿತು. ಆ ವರ್ಷ 90 ಲಕ್ಷ ಇದ್ದ ಸಂಖ್ಯೆ 2018ರಲ್ಲಿ ಸುಮಾರು 70 ಲಕ್ಷಕ್ಕೆ ಇಳಿಯಿತು. ಅದೂ ಅಪ್ಪ ಅಮ್ಮ ಇಬ್ಬರೂ ಹೊರಗಿರುವ, ಇಲ್ಲವೇ ಉಳಿದವರಿಗೆ ನೋಡಿಕೊಳ್ಳುವ ಶಕ್ತಿಯಿಲ್ಲದ ಮನೆಯ ಮಕ್ಕಳದ್ದು ಮಾತ್ರ.

ಬಸ್ಸು ಬಂದ ಮೇಲೆ

ಮಾರ್ಚ್ ಮೊದಲಿಗೆ ಬಸ್ಸು ಬಂತು. ಊರಿಂದ ಕಾರ್ಖಾನೆ ಬಾಗಿಲಿಗೇ ಬಿಡುವ ಬಸ್ಸು. ಟಿಕೆಟ್ ಇಲ್ಲ, ಮುಂದೆ ಕೆಂಪು ಬ್ಯಾನರ್. ಆಡಳಿತದವರು ಮಾಸ್ಕ್, ನೀರಿನ ಬಾಟಲಿ ಕೊಟ್ಟು ಹತ್ತಿಸಿದರು. ಅಚ್ಚುಕಟ್ಟಾಗಿ ನಡೆಯಿತು, ಅದನ್ನು ಹೇಳಲೇಬೇಕು. ಹುಡುಗಿ ಬಸ್ಸಿನ ಹತ್ತಿರ ಬರಲಿಲ್ಲ. ಬೆಳಿಗ್ಗೆಯೇ ಎದ್ದು ಮೇಲಿನ ಗದ್ದೆಗೆ ಹೋಗಿಬಿಟ್ಟಿದ್ದಳು. ಗೆಳೆಯ ಎರಡು ಸಲ ಇಳಿದು ಓಣಿ ನೋಡಿ ಬಂದ. ಮೂರನೇ ಸಲ ಇಳಿಯಲು ಡ್ರೈವರ್ ಬಿಡಲಿಲ್ಲ.

ನಾನು ಹೋಗಲಿಲ್ಲ. ನನಗೆ ಕೆಲಸ ಇರಲಿಲ್ಲ, ಹಡಗು ಹೊರಡುವುದೇ ನಿಂತಿತ್ತು. ಮಾರ್ಚ್ 25ರಿಂದ ಭಾರತವೂ ಬಾಗಿಲು ಹಾಕಿತು. ಹೀಗಾಗಿ ಊರಿನ ಗಂಡಸರೆಲ್ಲ ಹೋದ ಮೇಲೂ ಆ ಊರಲ್ಲಿ ಉಳಿದವನು ದೂರದ ದೇಶದವನಾದ ನಾನು. ಜಾಗಟೆಯ ಮುದುಕ ಮತ್ತೆ ಬೀಗದ ಮನೆಗಳನ್ನು ದಾಟಿ ಬೇಗ ಬೇಗ ಹೋಗತೊಡಗಿದ. ಒಂದು ರಾತ್ರಿ ನನ್ನ ಫೋನಿನಲ್ಲಿ ನಮ್ಮ ಜನ ಹೆದ್ದಾರಿಯಲ್ಲಿ ಗಂಟು ಹೊತ್ತು, ಮಕ್ಕಳನ್ನು ಹೆಗಲಿಗೇರಿಸಿಕೊಂಡು ನಡೆಯುವುದನ್ನು ಅಜ್ಜಿ ನೋಡಿದರು. ಬಹಳ ಹೊತ್ತು ನೋಡಿದರು. ಮೊಮ್ಮಗಳ ಬಾಯಲ್ಲಿ ಅವರ ಪ್ರಶ್ನೆ ಬಂತು: "ಇವರಿಗೆ ಬಸ್ಸು ಯಾಕೆ ಕೊಡಲಿಲ್ಲ ಅಂತ ಕೇಳ್ತಾರೆ ನೈನೈ." ಕೊಡಬೇಕಿತ್ತು ಅಂದೆ. ಅಜ್ಜಿ ತಮ್ಮದೂ ಒಂದು ಮಾತು ಸೇರಿಸಿದರು. ನಿಮ್ಮವರು ನಡೆದಾದರೂ ಮಕ್ಕಳ ಜೊತೆಯೇ ಇದ್ದಾರೆ.

ಎರಡು ದೇಶದ ಆ ಎರಡು ದೃಶ್ಯವನ್ನು ಪಕ್ಕಪಕ್ಕ ಇಟ್ಟು ಇದು ಒಳ್ಳೆಯದು, ಅದು ಕೆಟ್ಟದ್ದು ಅಂತ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಬಸ್ಸಿಲ್ಲದೆ ನಡೆಸಿದ್ದು ಘೋರ. ಅಚ್ಚುಕಟ್ಟಾದ ಬಸ್ಸಿನಲ್ಲಿ ಮಕ್ಕಳಿಗೆ ಸೀಟಿಲ್ಲದ್ದೂ ನೋವು.

ಅದೇ ವರ್ಷ ನವೆಂಬರ್ 23ರಂದು ಚೀನಾದ 832 ಬಡ ಕೌಂಟಿಗಳ ಪಟ್ಟಿಯಿಂದ ಕೊನೆಯ ಒಂಬತ್ತನ್ನು ತೆಗೆದರು. ಅದರಲ್ಲಿ ತ್ಸೋಂಗ್‌ಜಿಯಾಂಗ್ ಒಂದು, ಪಕ್ಕದ ರೋಂಗ್‌ಜಿಯಾಂಗ್ ಇನ್ನೊಂದು. ರೋಂಗ್‌ಜಿಯಾಂಗ್ ಈಗ ಹಳ್ಳಿಗಳ ಫುಟ್‌ಬಾಲಿನಿಂದ ದೇಶಕ್ಕೆಲ್ಲ ಗೊತ್ತು. 2023ರಲ್ಲಿ ಶುರುವಾದ ಆ ಪಂದ್ಯಗಳು ಹೋಟೆಲು, ಅಂಗಡಿ, ಒಂದಷ್ಟು ಕೆಲಸ ತಂದವು. ಕೆಲವರು ವಾಪಸ್ ಬಂದಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಇದೆ, ಆದರೆ ಒಂದು ಮೈದಾನ ಎಷ್ಟು ಮನೆಯ ಬೀಗ ತೆಗೆಯಬಲ್ಲದು?

ಗೆಳೆಯನ ಹೆಂಡತಿ ಆ ವರ್ಷದ ಕೊನೆಗೆ ಗಂಡುಮಗುವಿಗೆ ತಾಯಿಯಾದಳು. ಅವಳು ಗುಝೆನ್‌ಗೆ ಮತ್ತೆ ಹೋಗಲಿಲ್ಲ. ಕೌಂಟಿಯಲ್ಲೇ ಒಂದು ಬಟ್ಟೆ ಹೊಲಿಯುವ ಘಟಕದಲ್ಲಿ ಇದ್ದಾಳೆ, ಸಂಬಳ ಮೊದಲಿನ ಅರ್ಧವೂ ಇಲ್ಲ. ಮನೆಯ ಮೂರನೇ ಅಂತಸ್ತಿಗೆ ಇನ್ನೂ ಕಿಟಕಿ ಕೂತಿಲ್ಲ. ಅದಕ್ಕೆ ಗಂಡನಿಗೂ ಅವಳಿಗೂ ಫೋನಿನಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. "ಕಿಟಕಿ ಯಾವಾಗ ಬೇಕಾದರೂ ಹಾಕಿಸಬಹುದು" ಅಂತ ಅವಳು ನನಗೂ ಹೇಳಿದಳು. ಗೆಳೆಯನ ಲೆಕ್ಕ ಬೇರೆ. ಹುಡುಗ ಇನ್ನೊಂದು ವರ್ಷಕ್ಕೆ ಶಾಲೆಗೆ ಸೇರಬೇಕು. ಅಷ್ಟರೊಳಗೆ ಪಾಯಿಂಟ್ ಕೂಡಿಸಿ ಎಲ್ಲರನ್ನೂ ಝೋಂಗ್‌ಶಾನ್‌ಗೆ ಕರೆಸಿಕೊಳ್ಳಬೇಕು ಅಂತ ಅವನ ಆಸೆ. ವಿಮೆಯ ವರ್ಷಗಳು ಸಾಕಷ್ಟಿವೆ, ಕಡಿಮೆ ಬೀಳುತ್ತಿರುವುದು ಕೆಲಸದ ಸರ್ಟಿಫಿಕೇಟ್. ನಲವತ್ತು ದಾಟಿದವನು ಈಗ ಎಲೆಕ್ಟ್ರಿಷಿಯನ್ ಪರೀಕ್ಷೆಗೆ ಓದುತ್ತಿದ್ದಾನೆ. ಶಿಫ್ಟ್ ಮುಗಿದ ಮೇಲೆ ನನ್ನ ರೂಮಿಗೆ ಬರುತ್ತಾನೆ, ಸರ್ಕ್ಯೂಟಿನ ಚಿತ್ರಗಳನ್ನು ಇಬ್ಬರೂ ಕೂತು ಬಿಡಿಸುತ್ತೇವೆ. ಪರೀಕ್ಷೆ ಮುಂದಿನ ತಿಂಗಳು.